ತೋಳು ಸುತ್ತಿದರೆ ಸಾಲದು: ಫಾಸ್ಟ್‌ಪಿಚ್ ಅಭ್ಯಾಸದ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಫಾಸ್ಟ್‌ಪಿಚ್ ಸಾಫ್ಟ್‌ಬಾಲ್‌ನ ಪಿಚಿಂಗ್ ಅಭ್ಯಾಸಕ್ಕೆ ಸಂಬಂಧಿಸಿದವು. ಈ ಆಟದಲ್ಲಿ ಪಿಚರ್ ತೋಳನ್ನು ಪೂರ್ತಿ ಸುತ್ತಿ, ಕೆಳಗಿನಿಂದ ಬ್ಯಾಟರ್‌ನತ್ತ ಎಸೆಯುವ ಎಸೆತವೇ ಪಿಚ್; ಬ್ಯಾಟರ್ ಹಿಂದೆ ಕುಳಿತು ಅದನ್ನು ಹಿಡಿಯುವವಳು ಕ್ಯಾಚರ್. ಬರೆದವರು ಬೇರೆ ಬೇರೆಯಾದರೂ ಅಳಲು ಹೆಚ್ಚುಕಡಿಮೆ ಒಂದೇ: ಡ್ರಿಲ್ ಮಾಡುವಾಗ ಚೆನ್ನಾಗಿ ಬರುವುದು ಪೂರ್ತಿ ಪಿಚ್ ಮಾಡುವಾಗ ಕೈಕೊಡುತ್ತದೆ. ಆದ್ದರಿಂದ ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ. ಪಿಚರ್ ಬಲಗೈಯವಳು ಎಂದಿಟ್ಟುಕೊಂಡು ಬರೆದಿದ್ದೇನೆ. ಎಡಗೈಯವರು ದಿಕ್ಕುಗಳನ್ನು ತಿರುಗಿಸಿಕೊಂಡು ಓದಬೇಕು. ತೋಳಿನ ಸುತ್ತನ್ನು ಗಡಿಯಾರದ ಗಂಟೆಗಳಿಂದ ಸೂಚಿಸಿದ್ದೇನೆ. ಮೂರನೇ ಬೇಸ್ ಬಳಿ, ಅಂದರೆ ಪಿಚರ್ ಬಲಬದಿಗೆ, ನಿಂತು ಅವಳನ್ನು ನೋಡಿದರೆ ಕ್ಯಾಚರ್ ಕಡೆಗೆ ಚಾಚಿದ ತೋಳು 3 ಗಂಟೆ, ತಲೆಯ ಮೇಲೆ 12, ಎರಡನೇ ಬೇಸ್ ಕಡೆಗೆ, ಅಂದರೆ ಹಿಂದಕ್ಕೆ, 9, ತೊಡೆಯ ಪಕ್ಕದಲ್ಲಿ 6.

ಪ್ರಶ್ನೆ: ನನ್ನ ಮಗಳಿಗೆ ಹನ್ನೆರಡು ವರ್ಷ. ತೋಳನ್ನು ತೊಡೆಯ ಪಕ್ಕದಲ್ಲಿ ನಿಲ್ಲಿಸಿ ಮಣಿಕಟ್ಟಿನಿಂದ ಮಾತ್ರ ಚೆಂಡು ಚಿಮ್ಮಿಸುವ ರಿಸ್ಟ್ ಸ್ನ್ಯಾಪ್ ಡ್ರಿಲ್ಲನ್ನು ಆರು ತಿಂಗಳಿಂದ ದಿನಕ್ಕೆ ನೂರು ಸಲ ತಪ್ಪದೆ ಮಾಡುತ್ತಿದ್ದಾಳೆ. ಆದರೂ ವೇಗ ಒಂದಿಷ್ಟೂ ಏರಿಲ್ಲ. ಸಂಖ್ಯೆ ಹೆಚ್ಚಿಸಬೇಕೆ?

ಉತ್ತರ: ಹೆಚ್ಚಿಸಬೇಡಿ. ದಿನಕ್ಕೆ ನೂರರಂತೆ ಆರು ತಿಂಗಳೆಂದರೆ ಸುಮಾರು 18,000 ಸಲ. ಅಷ್ಟು ಶ್ರದ್ಧೆಯಿಂದ ಮಾಡಿದ್ದು ಅವಳ ತೋಳಿಗೆ ಏನನ್ನು ಕಲಿಸಿರಬಹುದು ಎಂಬುದನ್ನು ಮೊದಲು ನೋಡೋಣ. ಪೂರ್ತಿ ಪಿಚ್‌ನಲ್ಲಿ ಮಣಿಕಟ್ಟು ತಾನಾಗಿ ಏನನ್ನೂ ಆರಂಭಿಸುವುದಿಲ್ಲ. ಕಾಲು ನೆಲವನ್ನು ಒದ್ದು ಕೊಟ್ಟ ಬಲ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ, ಭುಜದಿಂದ ರಟ್ಟೆಗೆ, ಅಲ್ಲಿಂದ ಮುಂಗೈಗೆ ಹರಿದು ಬಂದು, ಕಟ್ಟಕಡೆಯಲ್ಲಿ ಬೆರಳ ತುದಿಯಲ್ಲಿ ಸಿಡಿಯುತ್ತದೆ. ಚಾವಟಿ ಬೀಸುವವನು ಹಿಡಿಯನ್ನು ಬೀಸುತ್ತಾನೆಯೇ ಹೊರತು ತುದಿಯನ್ನಲ್ಲ. ತೋಳನ್ನು ನಿಲ್ಲಿಸಿ ಮಣಿಕಟ್ಟನ್ನಷ್ಟೇ ಆಡಿಸುವಾಗ ಹಿಂದಿನಿಂದ ಬರುವ ಆ ಬಲ ಇರುವುದಿಲ್ಲ. ಚೆಂಡು ಕ್ಯಾಚರ್ ತನಕ ಹೋಗಬೇಕಲ್ಲ, ಹಾಗಾಗಿ ಮಗು ಮೊಣಕೈಯನ್ನು ಮೇಲೆತ್ತಿ ಚೆಂಡನ್ನು ತಳ್ಳಲು ಕಲಿಯುತ್ತದೆ. ಪಂದ್ಯದಲ್ಲೂ ಅದೇ ತಳ್ಳುವಿಕೆ ಬರುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಮೂರನೇ ಬೇಸ್ ಕಡೆಯಿಂದ ಅವಳ ಪಿಚ್ ಚಿತ್ರೀಕರಿಸಿ, ಚೆಂಡು ಕೈಬಿಟ್ಟ ಮೇಲೆ ಕೈ ಎಲ್ಲಿಗೆ ಹೋಗುತ್ತದೆ ನೋಡಿ. ಮೊಣಕೈ ಗಲ್ಲದ ಮಟ್ಟಕ್ಕೆ ಏರಿ, ಅಂಗೈ ಅವಳ ಮುಖದ ಕಡೆಗೆ ಅಥವಾ ಭುಜದ ಮೇಲಕ್ಕೆ ತಿರುಗಿದ್ದರೆ ಅದು ‘ಹಲೋ ಎಲ್ಬೋ’ ಎಂದು ಕರೆಯಲಾಗುವ ಮುಕ್ತಾಯ. ಬಹಳ ಕಾಲ ಅದನ್ನೇ ಕಲಿಸಲಾಗುತ್ತಿತ್ತು, ಇಂದಿಗೂ ಕಲಿಸುವವರಿದ್ದಾರೆ. ಆದರೆ ಮೇಲ್ಮಟ್ಟದ ಪಿಚರ್‌ಗಳ ವಿಡಿಯೋಗಳನ್ನು ನಿಧಾನಗೊಳಿಸಿ ನೋಡಿದರೆ ಕಾಣುವುದು ಬೇರೆ. ತೋಳು ಕೆಳಗಿಳಿಯುವಾಗ ಮೊಣಕೈ ಮುಂದೆ, ಅದರ ಹಿಂದೆ ಮುಂಗೈ ಎಳೆದುಕೊಂಡು ಬರುತ್ತದೆ. ಮೊಣಕೈಗೆ ತುಸು ಕೆಳಗಿನ ಭಾಗ ಸೊಂಟದ ಪಕ್ಕವನ್ನು ಸವರಿದ ಕ್ಷಣದಲ್ಲಿ ಮುಂಗೈ ಮುಂದಕ್ಕೆ ಚಿಮ್ಮಿ ಒಳಮುಖವಾಗಿ ಹೊರಳುತ್ತದೆ. ಅಂಗೈ ಮೇಲೆ ಮಾಡಿ ಹಿಡಿದ ನೀರಿನ ಲೋಟವನ್ನು ಥಟ್ಟನೆ ಮಗುಚಿದಂತಹ ಚಲನೆ ಅದು. ಆಮೇಲೆ ತೋಳು ಸಡಿಲವಾಗಿ ದೇಹದ ಮುಂದೆ ಬಂದು ನಿಲ್ಲುತ್ತದೆ. ತರಬೇತುದಾರರಲ್ಲಿ ಈ ಎರಡು ಬಣಗಳ ನಡುವೆ ವಾದ ಇನ್ನೂ ನಡೆದಿದೆ; ನಾನು ಎರಡನೆಯ ಬಣದವನು ಎಂಬುದನ್ನು ಮುಚ್ಚಿಡುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು 9 ಗಂಟೆಯಿಂದ ಆರಂಭಿಸಿ. ಮಗಳು ಮೂರನೇ ಬೇಸ್ ಕಡೆಗೆ ಎದೆ ತಿರುಗಿಸಿ, ಎಡಪಾದವನ್ನು ಕ್ಯಾಚರ್ ಕಡೆಗೆ ಓರೆಯಾಗಿ ಇಟ್ಟು ನಿಲ್ಲಲಿ. ತೋಳು ಹಿಂದೆ ಭುಜದ ಮಟ್ಟದಲ್ಲಿರಲಿ, ಮೊಣಕೈ ಸ್ವಲ್ಪ ಬಾಗಿರಲಿ. ಇಲ್ಲಿ ಒಂದೇ ಒಂದು ಸಂಗತಿಯನ್ನು ಗಮನಿಸಿ: ಅಂಗೈ ಆಕಾಶವನ್ನೋ ಮೂರನೇ ಬೇಸನ್ನೋ ನೋಡುತ್ತಿರಬೇಕು, ಎರಡನೇ ಬೇಸನ್ನು ನೋಡುತ್ತಿರಬಾರದು. ಚೆಂಡು ಹಿಂದಕ್ಕೆ ಮುಖ ಮಾಡಿದ್ದರೆ ಮುಂಗೈ ಹೊರಳಲು ಜಾಗವೇ ಇರುವುದಿಲ್ಲ, ತಳ್ಳುವುದೊಂದೇ ದಾರಿ ಉಳಿಯುತ್ತದೆ. ಅಲ್ಲಿಂದ ತೋಳನ್ನು ಬೀಳಲು ಬಿಟ್ಟು, ಸೊಂಟಕ್ಕೆ ಸವರಿಸಿ, ಐದಾರು ಹೆಜ್ಜೆ ದೂರದ ನೆಟ್‌ಗೆ ಎಸೆಯಲಿ. ಚೆಂಡು ಎಲ್ಲಿಗೆ ಹೋದರೂ ಚಿಂತೆಯಿಲ್ಲ. ಅಂಗಿಗೆ ಮುಂಗೈ ತಾಗಿದ ‘ಸರ್’ ಎಂಬ ಸದ್ದು ಕೇಳಿಸಿತೇ ಎಂಬುದಷ್ಟೇ ಮುಖ್ಯ. ಕೆಲವು ಮಕ್ಕಳಿಗೆ ಮೊದಲ ವಾರ ಅಲ್ಲಿ ಚರ್ಮ ಸ್ವಲ್ಪ ಕೆಂಪಾಗುತ್ತದೆ. ಉದ್ದ ತೋಳಿನ ಅಂಗಿ ಹಾಕಿಕೊಂಡರೆ ಸಾಕು. ನೀಲಿಗಟ್ಟುವಷ್ಟು ಪೆಟ್ಟು ಬೀಳುತ್ತಿದ್ದರೆ ಮಾತ್ರ ಸೊಂಟ ಬೇಗ ಕ್ಯಾಚರ್ ಕಡೆಗೆ ತಿರುಗಿ ತೋಳಿಗೆ ಅಡ್ಡ ಬರುತ್ತಿದೆ ಎಂದು ತಿಳಿಯಬೇಕು.

ಇದು ಹಿಡಿತಕ್ಕೆ ಬಂದ ಮೇಲೆ 12 ಗಂಟೆಗೆ ಹೋಗಿ. ತೋಳು ನೆಟ್ಟಗೆ ಮೇಲೆ, ಗ್ಲೋವ್ ಕ್ಯಾಚರ್ ಕಡೆಗೆ, ಮುಂದಿನ ಕಾಲು ಚಾಚಿ ನಿಂತ ಆ ಭಂಗಿ ಇಂಗ್ಲಿಷಿನ ಕೆ ಅಕ್ಷರದಂತೆ ಕಾಣುವುದರಿಂದ ಅದಕ್ಕೆ ಕೆ ಡ್ರಿಲ್ ಎಂದೇ ಹೆಸರು. ಕಾಲುಗಳು ತಲೆಹಾಕದಂತೆ ತೋಳೊಂದನ್ನೇ ನೋಡಬೇಕೆಂದಿದ್ದರೆ ಬಲ ಮಂಡಿಯೂರಿ ಇದನ್ನೇ ಮಾಡಿಸಬಹುದು.

ಈಗ ಮುಖ್ಯವಾದ ಮಾತು. ಹೀಗೆ ಐದು ಎಸೆತ ಆದ ಕೂಡಲೇ ಐದು ಪೂರ್ತಿ ಪಿಚ್‌ಗಳನ್ನು, ಇದ್ದಷ್ಟು ಶಕ್ತಿ ಹಾಕಿ, ಎಸೆಯಬೇಕು. ಮತ್ತೆ ಐದು ಡ್ರಿಲ್, ಮತ್ತೆ ಐದು ಪೂರ್ತಿ. ಡ್ರಿಲ್‌ಗಳನ್ನೆಲ್ಲ ಒಂದೇ ಉಸಿರಿಗೆ ಮುಗಿಸಿ, ಪೂರ್ತಿ ಪಿಚನ್ನು ಕೊನೆಗೆ ಉಳಿಸಿಕೊಳ್ಳುವವರೇ ಹೆಚ್ಚು. ಆ ಹೊತ್ತಿಗೆ ತೋಳು ದಣಿದಿರುತ್ತದೆ, ಡ್ರಿಲ್‌ನಲ್ಲಿ ಸಿಕ್ಕ ಅನುಭವ ಮರೆತುಹೋಗಿರುತ್ತದೆ, ಹಳೆಯ ಚಾಳಿ ಮರಳಿರುತ್ತದೆ. ರಿಸ್ಟ್ ಸ್ನ್ಯಾಪನ್ನು ಪೂರ್ತಿ ಕೈಬಿಡಬೇಕಾಗಿಲ್ಲ. ಕೈ ಬೆಚ್ಚಗಾಗಲು ಆರಂಭದಲ್ಲಿ ಎರಡು ನಿಮಿಷ ಮಾಡಲಿ.

ಪ್ರಶ್ನೆ: ನಾನು ಶಾಲಾ ತಂಡದ ಪಿಚರ್. ಮೂರು ಎಸೆದರೆ ಒಂದು ಸ್ಟ್ರೈಕ್, ಅಂದರೆ ಒಂದೇ ಬ್ಯಾಟರ್ ಹೊಡೆಯಬೇಕಾದ ಚೌಕದೊಳಗೆ ಹೋಗುತ್ತದೆ; ಉಳಿದವು ಹೊರಗೆ ಹೋಗಿ ‘ಬಾಲ್’ ಆಗುತ್ತವೆ. ನಮ್ಮ ತರಬೇತುದಾರರು ‘ಗುರಿ ನೋಡಿ ನಿಧಾನಕ್ಕೆ ಎಸೆ’ ಎನ್ನುತ್ತಾರೆ. ನಿಧಾನ ಮಾಡಿದರೆ ಚೆಂಡು ಇನ್ನೂ ಹದಗೆಡುತ್ತದೆ. ಯಾವ ಡ್ರಿಲ್ ಮಾಡಲಿ?

ಉತ್ತರ: ನಿಧಾನ ಮಾಡಿದರೆ ಹದಗೆಡುವುದು ಸಹಜ. ತೋಳಿನ ವೇಗ ಬದಲಾದರೆ ಚೆಂಡು ಬಿಡುವ ಕ್ಷಣವೂ ಬದಲಾಗುತ್ತದೆ. ನೀವು ಪ್ರತಿ ಸಲವೂ ಹೊಸ ಪಿಚ್ ಎಸೆದಂತಾಗುತ್ತದೆ. ನಿಮ್ಮ ತರಬೇತುದಾರರಿಗೆ ಅಗೌರವ ತೋರದೆಯೇ ಈ ಮಾತನ್ನು ಹೇಳಿ ನೋಡಿ.

ಡ್ರಿಲ್ ಆರಿಸುವ ಮೊದಲು ತಪ್ಪು ಯಾವುದೆಂದು ತಿಳಿಯಬೇಕು. ಒಂದು ವಾರ ನಿಮ್ಮ ಕ್ಯಾಚರ್ ಕೈಗೆ ನೋಟ್‌ಬುಕ್ ಕೊಡಿ. ಸ್ಟ್ರೈಕ್ ಆಗದ ಪ್ರತಿ ಚೆಂಡಿಗೂ ಮೇಲೆ, ಕೆಳಗೆ, ಎಡ, ಬಲ ಎಂದು ಒಂದು ಗೀಟು ಹಾಕಲಿ. ವಾರದ ಕೊನೆಗೆ ಗೀಟುಗಳು ಒಂದು ಕಡೆ ಗುಂಪುಗೂಡಿರುವುದು ಕಾಣುತ್ತದೆ. ಮೇಲೆ ಕೆಳಗೆ ತಪ್ಪುತ್ತಿದ್ದರೆ ಅದು ಬಹುಪಾಲು ಚೆಂಡು ಬಿಡುವ ಸಮಯದ ತೊಂದರೆ: ತಡವಾಗಿ ಬಿಟ್ಟರೆ ಮೇಲೆ, ಬೇಗ ಬಿಟ್ಟರೆ ಕೆಳಗೆ. ಅದಕ್ಕೆ ಹಿಂದಿನ ಉತ್ತರದಲ್ಲಿ ಹೇಳಿದ 9 ಗಂಟೆಯ ಡ್ರಿಲ್ಲೇ ಮದ್ದು, ಹತ್ತಿರದಿಂದ ಆರಂಭಿಸಿ ಹಂತಹಂತವಾಗಿ ಹಿಂದೆ ಸರಿಯುತ್ತಾ. ಎಡ ಬಲಕ್ಕೆ ತಪ್ಪುತ್ತಿದ್ದರೆ ಹೆಜ್ಜೆಯ ಗೆರೆಯನ್ನೂ ತೋಳಿನ ದಾರಿಯನ್ನೂ ನೋಡಬೇಕು.

ನನ್ನ ಬಳಿ ಕಲಿಯುತ್ತಿದ್ದ ಒಬ್ಬ ಹುಡುಗಿಯ ಚೆಂಡು ಸದಾ ಒಂದೇ ಬದಿಗೆ ಹೋಗುತ್ತಿತ್ತು. ತೋಳನ್ನು ನೋಡಿ ನೋಡಿ ನನಗೆ ಕಣ್ಣು ನೋವು ಬಂತು, ತಪ್ಪು ಸಿಗಲಿಲ್ಲ. ಒಂದು ಬೆಳಿಗ್ಗೆ ಮಳೆ ಬಂದು ನಿಂತಿತ್ತು, ನೆಲ ಹಸಿಯಾಗಿತ್ತು. ಹತ್ತು ಪಿಚ್ ಆದ ಮೇಲೆ ನೋಡಿದರೆ ಅವಳ ಎಡಪಾದದ ಗುರುತುಗಳು ಹತ್ತು ಕಡೆ ಚೆಲ್ಲಾಪಿಲ್ಲಿಯಾಗಿರಲಿಲ್ಲ; ಒಂದರ ಮೇಲೊಂದು ಬಿದ್ದು ಒಂದೇ ಗುಂಡಿಯಾಗಿತ್ತು, ಆದರೆ ಆ ಗುಂಡಿ ನೇರ ಗೆರೆಯಿಂದ ಒಂದು ಗೇಣು ಎಡಕ್ಕಿತ್ತು. ಅಷ್ಟು ದಿನ ಅವಳು ತಪ್ಪನ್ನು ಅತ್ಯಂತ ನಿಖರವಾಗಿ ಮಾಡುತ್ತಿದ್ದಳು. ಅಂದಿನಿಂದ ನಾನು ಮೊದಲು ನೆಲ ನೋಡುತ್ತೇನೆ, ಆಮೇಲೆ ತೋಳು.

ಪಿಚರ್ ಕಾಲಿಟ್ಟು ನಿಲ್ಲುವ ಪಿಚಿಂಗ್ ಪ್ಲೇಟ್‌ನ ನಡುವಿನಿಂದ ಬ್ಯಾಟರ್ ಪಕ್ಕದ ಹೋಮ್ ಪ್ಲೇಟ್‌ನ ನಡುವಿಗೆ ಸುಣ್ಣದ ಗೆರೆ ಎಳೆಯಿರಿ. ಎಡಪಾದ ಆ ಗೆರೆಯ ಮೇಲೆ, ಬೆರಳುಗಳು ಸುಮಾರು 45 ಡಿಗ್ರಿ ಓರೆಯಾಗಿರುವಂತೆ ಊರಬೇಕು. ಪಿಚಿಂಗ್ ಪ್ಲೇಟ್‌ನ ಅಗಲ 24 ಇಂಚು. ಹೆಜ್ಜೆ ಆ ಅಗಲದೊಳಗೇ ಬೀಳಬೇಕೆಂದು ನಿಯಮವೂ ಹೇಳುತ್ತದೆ. ತೋಳಿನ ದಾರಿಗೆ ಗೋಡೆಯೇ ಗುರು. ಬಲಗೈ ಕಡೆಗೆ ಒಂದು ಗೇಣು ಅಂತರದಲ್ಲಿ ಗೋಡೆ ಇರುವಂತೆ ನಿಂತು, ಚೆಂಡಿಲ್ಲದೆ, ನಿಧಾನವಾಗಿ ತೋಳು ಸುತ್ತಿ. ಬೆರಳು ಗೋಡೆಗೆ ತಾಗಿದಲ್ಲಿ ತೋಳು ದೇಹದಿಂದ ದೂರ ಹೋಗುತ್ತಿದೆ ಎಂದರ್ಥ. ಬೆನ್ನಿನ ಹಿಂದಕ್ಕೆ ಸುತ್ತಿಕೊಳ್ಳುತ್ತಿದೆಯೇ ಎಂಬುದನ್ನು ಮಾತ್ರ ಗೋಡೆ ಹೇಳುವುದಿಲ್ಲ. ಅದನ್ನು ಕ್ಯಾಚರ್ ಹಿಂದೆ ನಿಂತವರು ನೋಡಿ ಹೇಳಬೇಕು.

ಇವೆರಡೂ ನೇರವಾದ ಮೇಲೆ ಗುರಿಯ ಅಭ್ಯಾಸ. ಹೋಮ್ ಪ್ಲೇಟ್‌ನ ಎರಡೂ ಬದಿಗೆ ಎರಡು ಕಂಬ ನೆಟ್ಟು, ಬ್ಯಾಟರ್‌ನ ಮಂಡಿಯ ಎತ್ತರಕ್ಕೊಂದು, ಕಂಕುಳಿನ ಎತ್ತರಕ್ಕೊಂದು ದಾರ ಕಟ್ಟಿ. ಪ್ಲೇಟ್‌ನ ಅಗಲಕ್ಕೆ ಎರಡು ದಾರ ಇಳಿಬಿಡಿ. ಮೊದಲು ಆ ಚೌಕದೊಳಗೆ ಎಲ್ಲಿ ಹೋದರೂ ಸರಿ. ಆಮೇಲೆ ನಡುವೆ ಇನ್ನೊಂದು ದಾರ ಕಟ್ಟಿ ಅರ್ಧ ಮಾಡಿ. ಕೊನೆಗೆ ನಾಲ್ಕು ಮೂಲೆಗಳು. ಚೆಂಡು ದಾರಕ್ಕೆ ತಾಗಿ ದಾರ ಅಲುಗಿದಾಗ ಸಿಗುವ ಖುಷಿ ಬೇರೆ. ಮಕ್ಕಳು ಅದಕ್ಕಾಗಿಯೇ ಇನ್ನೂ ಹತ್ತು ಎಸೆಯುತ್ತೇನೆ ಎನ್ನುತ್ತಾರೆ. ಪ್ರತಿ ದಿನದ ಅಭ್ಯಾಸವನ್ನು ಪಂದ್ಯದ ಲೆಕ್ಕದಲ್ಲಿ ಮುಗಿಸಿ: ಮೂರು ಬಾಲ್, ಎರಡು ಸ್ಟ್ರೈಕ್ ಆಗಿದೆ ಎಂದುಕೊಂಡು ಒಂದೇ ಒಂದು ಪಿಚ್. ಅದು ನಾಲ್ಕನೇ ಬಾಲ್ ಆದರೆ ಆ ಬ್ಯಾಟರ್ ಪುಕ್ಕಟೆಯಾಗಿ ಮೊದಲ ಬೇಸ್‌ಗೆ ನಡೆದು ಹೋದಳು ಎಂದೇ ಬರೆದುಕೊಳ್ಳಿ, ಇನ್ನೊಂದು ಅವಕಾಶ ಕೊಟ್ಟುಕೊಳ್ಳಬೇಡಿ.

ಪ್ರಶ್ನೆ: ಕಾಲಿನ ಬಲ ಬಳಸುವುದು ಹೇಗೆ? ಜಿಗಿದು ಎಸೆದರೆ ವೇಗ ಬರುತ್ತದೆ, ಆದರೆ ಅಂಪೈರ್ ತಪ್ಪು ಪಿಚ್ ಎಂದು ಕೈ ಎತ್ತುತ್ತಾರೆ.

ಉತ್ತರ: ನೀವು ಮಾಡುತ್ತಿರುವುದು ಬಹುಶಃ ಕ್ರೋ ಹಾಪ್. ಪ್ಲೇಟ್ ಬಿಟ್ಟು ಮುಂದಕ್ಕೆ ಜಿಗಿದು, ಬಲಗಾಲನ್ನು ಇನ್ನೊಮ್ಮೆ ನೆಲಕ್ಕೂರಿ, ಆ ಹೊಸ ಜಾಗದಿಂದ ಮತ್ತೆ ತಳ್ಳಿಕೊಂಡು ಎಸೆಯುವುದು ನಿಯಮಬಾಹಿರ. ಪಿಚರ್ ತನಗಿರುವ ದೂರವನ್ನು ಕದ್ದಂತೆ. ಬಲಗಾಲು ನೆಲದ ಮೇಲೇ ಎಳೆದುಕೊಂಡು ಬರಬೇಕೇ, ಗಾಳಿಯಲ್ಲಿ ತೇಲಿ ಬರಬಹುದೇ ಎಂಬುದು ಬೇರೆಯೇ ಪ್ರಶ್ನೆ, ಅದರ ನಿಯಮ ಎಲ್ಲ ಕಡೆ ಒಂದೇ ಅಲ್ಲ. ನೀವು ಆಡುವ ಪಂದ್ಯಾವಳಿಯ ನಿಯಮಪುಸ್ತಕ ನೋಡಿ. ಕಲಿಯುವವರಿಗೆ ನಾನು ಎಳೆದುಕೊಂಡು ಬರುವುದನ್ನೇ ಹೇಳಿಕೊಡುತ್ತೇನೆ, ಏಕೆಂದರೆ ಅದು ಎಲ್ಲಿಯೂ ತಪ್ಪಾಗುವುದಿಲ್ಲ.

ಎಳೆದ ಕಾಲಿನ ಗುರುತು ಬಹಳಷ್ಟು ಹೇಳುತ್ತದೆ. ಬೂಟಿನ ತುದಿಬೆರಳಿನ ಭಾಗ ಮಾತ್ರ ನೆಲಕ್ಕೆ ತಾಗಿ ತೆಳುವಾದ ಗೀರು ಬಿದ್ದಿದ್ದರೆ ಸರಿ. ಬೂಟಿನ ಇಡೀ ಒಳಬದಿ ನೆಲವನ್ನು ಉತ್ತು ಅಗಲವಾದ ಸಾಲು ಮಾಡಿದ್ದರೆ ಆ ಕಾಲು ಲಂಗರಿನಂತೆ ಹಿಂದಕ್ಕೆ ಜಗ್ಗುತ್ತಿದೆ. ಅದಕ್ಕೆ ನಡೆದು ಬಂದು ಎಸೆಯುವ ಡ್ರಿಲ್ ಒಳ್ಳೆಯದು. ಪ್ಲೇಟ್‌ನಿಂದ ನಾಲ್ಕೈದು ಹೆಜ್ಜೆ ಹಿಂದೆ ನಿಂತು, ಸಹಜ ನಡಿಗೆಯಲ್ಲಿ ಮುಂದೆ ಬಂದು, ಬಲಪಾದ ಪ್ಲೇಟ್ ಮೇಲೆ ಬೀಳುತ್ತಿದ್ದಂತೆ ನಿಲ್ಲದೆ ಪಿಚ್ ಮಾಡಿ. ದೇಹಕ್ಕೆ ಮೊದಲೇ ಚಲನೆ ಇರುವುದರಿಂದ ಕಾಲು ತಾನಾಗಿ ತಳ್ಳುತ್ತದೆ, ಯೋಚಿಸಿ ತಳ್ಳಬೇಕಾಗಿಲ್ಲ. ಪಂದ್ಯದಲ್ಲಿ ಹೀಗೆ ನಡೆದು ಬರಲು ಅವಕಾಶವಿಲ್ಲ ಎಂಬುದನ್ನು ಮರೆಯದೆ, ಪ್ರತಿ ಮೂರು ಸಲಕ್ಕೊಮ್ಮೆ ನಿಂತ ಜಾಗದಿಂದ ಅದೇ ಅನುಭವವನ್ನು ಹುಡುಕಿ.

ಇನ್ನು ಹೆಜ್ಜೆಯ ಉದ್ದ. ಅನುಭವಿ ಪಿಚರ್‌ಗಳ ಹೆಜ್ಜೆ ಅವರ ಎತ್ತರಕ್ಕೆ ಸಮೀಪವಾಗಿರುತ್ತದೆ ಎಂಬುದನ್ನು ಕೇಳಿ, ಅಷ್ಟು ದೂರಕ್ಕೆ ಗುರುತು ಹಾಕಿಕೊಂಡು ಅದನ್ನು ಮುಟ್ಟಲು ಹಾರುವವರಿದ್ದಾರೆ. ಹಾಗೆ ಮಾಡಿದರೆ ಎಡಗಾಲು ಊರಿದಾಗ ಮಂಡಿ ಕುಸಿದು ದೇಹ ಮುಂದಕ್ಕೆ ಬಾಗುತ್ತದೆ. ಮುಂದಿನ ಕಾಲು ಕುಸಿಯದೆ, ತುಸುವೇ ಬಾಗಿ, ಗಟ್ಟಿಯಾಗಿ ನಿಂತು ಬರುವ ಬಲಕ್ಕೆ ತಡೆ ಒಡ್ಡಿದಾಗಲೇ ಆ ಬಲವೆಲ್ಲ ತೋಳಿಗೆ ಹರಿಯುವುದು. ವೇಗವಾಗಿ ಓಡುವ ಬಂಡಿಗೆ ಬ್ರೇಕ್ ಹಾಕಿದಾಗ ಒಳಗಿರುವವರು ಮುಂದಕ್ಕೆ ಎಸೆಯಲ್ಪಡುತ್ತಾರಲ್ಲ, ಅದೇ ತತ್ವ. ಆದ್ದರಿಂದ ಇಂದು ನೀವು ಗಟ್ಟಿಯಾಗಿ ನಿಲ್ಲಬಲ್ಲ ದೂರಕ್ಕೆ ಗುರುತು ಹಾಕಿ. ಎಸೆದ ಮೇಲೆ ಎರಡು ಎಣಿಸುವವರೆಗೆ ಆ ಕಾಲಿನ ಮೇಲೆ ಅಲುಗದೆ ನಿಲ್ಲಲು ಆದರೆ ಮಾತ್ರ ಗುರುತನ್ನು ನಾಲ್ಕು ಬೆರಳಿನಷ್ಟು ಮುಂದೆ ಸರಿಸಿ.

ಪ್ರಶ್ನೆ: ಭಾರದ ಚೆಂಡಿನಿಂದ ಅಭ್ಯಾಸ ಮಾಡಿದರೆ ವೇಗ ಬೇಗ ಹೆಚ್ಚುವುದೇ?

ಉತ್ತರ: ಬೆಳೆಯುವ ವಯಸ್ಸಿನ ಮಕ್ಕಳಿಗೆ ಬೇಡ. ಸಾಮಾನ್ಯ ಚೆಂಡೇ 178ರಿಂದ 198 ಗ್ರಾಂ ತೂಗುತ್ತದೆ, ಸುತ್ತಳತೆ 12 ಇಂಚು; ಚಿಕ್ಕ ಕೈಗೆ ಅದೇ ಸಾಕಷ್ಟು ಭಾರ. ಚಲನೆಯಲ್ಲಿ ತಪ್ಪಿರುವಾಗ ಭಾರ ಹೆಚ್ಚಿಸಿದರೆ ಆ ತಪ್ಪೇ ಬಲಿಯುತ್ತದೆ. ಹತ್ತು ವರ್ಷದೊಳಗಿನವರಿಗೆ 11 ಇಂಚಿನ ಚೆಂಡು ಇರುವುದು ಇದೇ ಕಾರಣಕ್ಕೆ, ಅದನ್ನು ಬಳಸಲು ನಾಚಿಕೆ ಬೇಕಾಗಿಲ್ಲ.

ಪ್ರಶ್ನೆ: ನನ್ನ ವೇಗ ಚೆನ್ನಾಗಿದೆ, ಆದರೆ ಎರಡನೇ ಸುತ್ತಿನಲ್ಲಿ, ಅಂದರೆ ಅದೇ ಬ್ಯಾಟರ್‌ಗಳು ಮತ್ತೆ ಬಂದಾಗ, ಹೊಡೆಯಲು ಶುರು ಮಾಡುತ್ತಾರೆ. ಮೇಲಕ್ಕೇಳುವಂತೆ ಕಾಣುವ ರೈಸ್ ಬಾಲ್ ಕಲಿಯಬೇಕೆಂದಿದ್ದೇನೆ. ಯಾವ ಡ್ರಿಲ್‌ನಿಂದ ಆರಂಭಿಸಲಿ?

ಉತ್ತರ: ರೈಸ್ ಬಾಲ್ ಬದಿಗಿರಲಿ, ತೋಳಿನ ಲಯ ಬದಲಿಸದೆ ಕಡಿಮೆ ವೇಗದಲ್ಲಿ ಎಸೆಯುವ ಚೇಂಜಪ್ ಕಲಿಯಿರಿ. ಇದು ಹಟದ ಮಾತಲ್ಲ, ಲೆಕ್ಕದ ಮಾತು. ಮಹಿಳೆಯರ ಪಂದ್ಯದಲ್ಲಿ ಪಿಚಿಂಗ್ ಪ್ಲೇಟ್‌ನಿಂದ ಹೋಮ್ ಪ್ಲೇಟ್‌ಗೆ 43 ಅಡಿ, ಅಂದರೆ 13.11 ಮೀಟರ್. ಹೆಜ್ಜೆ ಮುಂದಿಟ್ಟು ಎಸೆಯುವುದರಿಂದ ಚೆಂಡು ಹಾರುವ ದೂರ ಇನ್ನೂ ಕಡಿಮೆ. ಗಂಟೆಗೆ 105 ಕಿಲೋಮೀಟರ್ ವೇಗದ ಪಿಚ್ ಅಷ್ಟು ದೂರವನ್ನು ಸುಮಾರು 0.4 ಸೆಕೆಂಡಿನಲ್ಲಿ ದಾಟುತ್ತದೆ. ಅಷ್ಟರಲ್ಲಿ ಬ್ಯಾಟರ್ ನೋಡಿ, ತೀರ್ಮಾನಿಸಿ, ಬ್ಯಾಟ್ ಬೀಸಬೇಕು. ಆದ್ದರಿಂದ ಅವಳು ನಿಮ್ಮ ತೋಳಿನ ಲಯವನ್ನೇ ನೆಚ್ಚಿಕೊಂಡಿರುತ್ತಾಳೆ. ಮೊದಲ ಸುತ್ತಿನಲ್ಲಿ ಆ ಲಯವನ್ನು ಮನದಟ್ಟು ಮಾಡಿಕೊಂಡು ಎರಡನೆಯದರಲ್ಲಿ ಹೊಡೆಯುತ್ತಾಳೆ. ಅದೇ ಲಯದಲ್ಲಿ ಗಂಟೆಗೆ ಹದಿನೈದಿಪ್ಪತ್ತು ಕಿಲೋಮೀಟರ್ ಕಡಿಮೆ ವೇಗದ ಚೆಂಡು ಬಂದರೆ ಬ್ಯಾಟ್ ಮೊದಲೇ ತಿರುಗಿ ಹೋಗಿರುತ್ತದೆ. ಅಮೆರಿಕದ ಪಿಚರ್ ಮೋನಿಕಾ ಅಬಾಟ್ 2012ರಲ್ಲಿ ಗಂಟೆಗೆ 77 ಮೈಲಿ, ಅಂದರೆ ಸುಮಾರು 124 ಕಿಲೋಮೀಟರ್ ವೇಗದ ಪಿಚ್ ಎಸೆದು ಗಿನ್ನೆಸ್ ದಾಖಲೆ ಬರೆದರು. ಇತ್ತ ಅದೇ ದೇಶದ ಕ್ಯಾಟ್ ಓಸ್ಟರ್‌ಮನ್ ವೇಗಕ್ಕಿಂತ ಚೆಂಡಿನ ತಿರುವಿನಿಂದ ಬ್ಯಾಟರ್‌ಗಳನ್ನು ಕಾಡಿ 2004ರ ಒಲಿಂಪಿಕ್ ಚಿನ್ನ ಗೆದ್ದ ತಂಡದಲ್ಲಿದ್ದರು. ವೇಗ ಒಂದೇ ದಾರಿ ಅಲ್ಲವೆನ್ನಲು ಇಷ್ಟು ಸಾಕು.

ಚೇಂಜಪ್‌ಗೆ ಹಲವು ಹಿಡಿತಗಳಿವೆ. ಚೆಂಡನ್ನು ಅಂಗೈಯ ಆಳಕ್ಕೆ ಸೇರಿಸಿ ಹಿಡಿಯುವುದು ಸುಲಭ. ಕೈಯ ಹಿಂಬದಿ ಕ್ಯಾಚರ್ ಕಡೆಗೆ ಇರುವಂತೆ ಬಿಡುವ ಫ್ಲಿಪ್ ಚೇಂಜಪ್ ಕಷ್ಟ, ಆದರೆ ಪರಿಣಾಮಕಾರಿ. ಯಾವುದಾದರೂ ಸರಿ, ಅಭ್ಯಾಸದ ಕ್ರಮ ಒಂದೇ. ಕ್ಯಾಚರ್ ಹಿಂದೆ ನಿಮ್ಮ ಗೆಳತಿಯೊಬ್ಬಳನ್ನು ನಿಲ್ಲಿಸಿ. ನೀವು ಫಾಸ್ಟ್‌ಬಾಲನ್ನೂ ಚೇಂಜಪ್ಪನ್ನೂ ಮನಸ್ಸಿಗೆ ಬಂದಂತೆ ಬೆರೆಸಿ ಎಸೆಯಿರಿ. ಚೆಂಡು ನಿಮ್ಮ ಕೈ ಬಿಡುವ ಮೊದಲೇ ಅವಳು ಯಾವುದೆಂದು ಕೂಗಬೇಕು. ಅವಳು ಸರಿಯಾಗಿ ಹೇಳಿದಷ್ಟೂ ಸಲ ನೀವು ಎಲ್ಲೋ ಗುಟ್ಟು ಬಿಟ್ಟುಕೊಡುತ್ತಿದ್ದೀರಿ. ಮುಖ ಬಿಗಿಯಾಗುವುದು, ಗ್ಲೋವ್ ಒಳಗೆ ಬೆರಳು ಹುಡುಕಾಡುವುದು, ತೋಳು 9 ಗಂಟೆಯ ಬಳಿ ಮಂದವಾಗುವುದು, ಈ ಮೂರರಲ್ಲಿ ಒಂದು ಇದ್ದೇ ಇರುತ್ತದೆ. ತೋಳು ಮಂದವಾಗುವ ಚಾಳಿಗೆ ಒಂದು ಉಪಾಯ: ಚೇಂಜಪ್ಪನ್ನು ನೆಟ್‌ಗೆ, ಫಾಸ್ಟ್‌ಬಾಲ್‌ಗಿಂತ ಜೋರಾಗಿ ಎಸೆಯುತ್ತೇನೆಂದುಕೊಂಡು, ಹತ್ತು ಸಲ ಎಸೆಯಿರಿ. ಚೆಂಡು ಮೇಲಕ್ಕೆ ಹಾರಲಿ, ನೆಲಕ್ಕೆ ಕುಟ್ಟಲಿ. ವೇಗ ಕಡಿಮೆ ಮಾಡುವುದು ಹಿಡಿತದ ಕೆಲಸ, ತೋಳಿನದ್ದಲ್ಲ ಎಂದು ಮೈಗೆ ಗೊತ್ತಾಗಬೇಕು.

ಆಮೇಲೆ ಬ್ಯಾಟರ್ ಬಳಿ ಕೆಳಗಿಳಿಯುವ ಡ್ರಾಪ್ ಬಾಲ್. ಅದಕ್ಕೆ ಫಾಸ್ಟ್‌ಬಾಲ್‌ನದೇ ಮುಂದುರುಳುವ ಸುತ್ತು ಇರುವುದರಿಂದ ಹೊಸದಾಗಿ ಕಲಿಯಬೇಕಾದದ್ದು ಕಡಿಮೆ. ರೈಸ್ ಬಾಲ್‌ಗೆ ಬೆರಳುಗಳು ಚೆಂಡಿನ ಕೆಳಗೆ ನುಗ್ಗಿ ಹಿಂದುರುಳುವ ಸುತ್ತು ಕೊಡಬೇಕು. ಬಹುತೇಕ ಎಳೆಯ ಪಿಚರ್‌ಗಳ ರೈಸ್ ಬಾಲ್ ನಿಜವಾಗಿ ಬಂದೂಕಿನ ಗುಂಡಿನಂತೆ ಸುತ್ತಿ ನೇರವಾಗಿ ಹೋಗುವ ಎತ್ತರದ ಚೆಂಡು, ಹೊಡೆಯಲು ಅದಕ್ಕಿಂತ ಸುಲಭವಾದದ್ದು ಇಲ್ಲ. ಸುತ್ತು ಯಾವುದೆಂದು ತಿಳಿಯಲು ಚೆಂಡಿನ ಸುತ್ತ ಬಣ್ಣದ ಟೇಪಿನ ಒಂದು ಪಟ್ಟಿ ಅಂಟಿಸಿ, ಅದು ಕ್ಯಾಚರ್ ಕಡೆಗೆ ನೆಟ್ಟಗೆ ನಿಲ್ಲುವಂತೆ ಹಿಡಿದು ಎಸೆಯಿರಿ. ಪಟ್ಟಿ ಒಂದೇ ಗೆರೆಯಂತೆ ಕಂಡರೆ ಸುತ್ತು ಶುದ್ಧ. ಕಲಸಿದ ಬಣ್ಣದಂತೆ ತೂಗಾಡಿದರೆ ಚೆಂಡು ಎಲ್ಲಿಗೂ ತಿರುಗುವುದಿಲ್ಲ.

ಪ್ರಶ್ನೆ: ಕೆಳಗಿನಿಂದ ಎಸೆಯುವುದು ತೋಳಿಗೆ ಸಹಜವಾದ ಚಲನೆ, ಆದ್ದರಿಂದ ಎಷ್ಟು ಎಸೆದರೂ ತೊಂದರೆಯಿಲ್ಲ ಎನ್ನುತ್ತಾರೆ. ನಮ್ಮ ತಂಡದ ಹದಿನಾಲ್ಕು ವರ್ಷದ ಹುಡುಗಿ ಒಂದೇ ವಾರಾಂತ್ಯದಲ್ಲಿ ಐದು ಪಂದ್ಯ ಎಸೆದಳು. ಈಗ ಭುಜದ ಮುಂಭಾಗ ನೋವು ಎನ್ನುತ್ತಿದ್ದಾಳೆ. ಯಾವ ವ್ಯಾಯಾಮ ಹೇಳಿಕೊಡಲಿ?

ಉತ್ತರ: ವ್ಯಾಯಾಮ ಬೇಡ, ಚೆಂಡು ಮುಟ್ಟಿಸಬೇಡಿ, ಮೂಳೆ ಮತ್ತು ಕೀಲಿನ ವೈದ್ಯರಿಗೆ ತೋರಿಸಿ. ತೋಳು ಕೆಳಗಿಳಿಯುವಾಗ ಭುಜದ ಕೀಲನ್ನು ಹೊರಕ್ಕೆ ಸೆಳೆಯುವ ಬಲ ಬಹಳ ದೊಡ್ಡದು. ಅದನ್ನು ಹಿಡಿದಿಡುವುದರಲ್ಲಿ ರಟ್ಟೆಯ ಬೈಸೆಪ್ಸ್ ಸ್ನಾಯುವಿಗೆ ದೊಡ್ಡ ಪಾಲಿದೆ, ಅದರ ಮೇಲ್ತುದಿಯ ಸ್ನಾಯುರಜ್ಜು ಹಾದುಹೋಗುವುದು ಭುಜದ ಮುಂಭಾಗದಲ್ಲೇ. ಅಲ್ಲಿ ನೋವೆಂದರೆ ಅಲಕ್ಷ್ಯ ಮಾಡುವಂಥದ್ದಲ್ಲ. ಎಷ್ಟು ಎಸೆದರೂ ಪರವಾಗಿಲ್ಲ ಎಂಬ ಮಾತಿನಿಂದ ಹಾಳಾದ ತೋಳುಗಳನ್ನು ನಾನು ನೋಡಿದ್ದೇನೆ.

ಈ ಮಾತಿಗೆ ಪುಷ್ಟಿಯಾಗಿ ಜಪಾನಿನ ಯುಕಿಕೊ ಉಎನೊ ಅವರ ಉದಾಹರಣೆ ಕೊಡುವವರಿದ್ದಾರೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅವರು ಎರಡು ದಿನಗಳಲ್ಲಿ ಮೂರು ಪಂದ್ಯಗಳಿಗೆ ಒಟ್ಟು 413 ಪಿಚ್ ಎಸೆದು, ಅಮೆರಿಕವನ್ನು 3–1ರಿಂದ ಸೋಲಿಸಿ ಚಿನ್ನ ಗೆದ್ದುಕೊಟ್ಟರು. ನಿಜ. ಆಗ ಅವರಿಗೆ 26 ವರ್ಷ. ವರ್ಷಗಟ್ಟಲೆ ಹದಗೊಳಿಸಿದ ದೇಹ, ಮುಂದಿದ್ದದ್ದು ಒಲಿಂಪಿಕ್ ಫೈನಲ್. ಮೂಳೆಯ ತುದಿಗಳು ಇನ್ನೂ ಬೆಳೆಯುತ್ತಿರುವ ಹುಡುಗಿಯನ್ನು ಆ ಅಳತೆಗೋಲಿನಿಂದ ಅಳೆಯುವುದು ಅನ್ಯಾಯ.

ಅವಳು ಗುಣವಾಗಿ ಮರಳಿದ ಮೇಲೆ ಪಂದ್ಯದ ಪಿಚ್‌ಗಳನ್ನಷ್ಟೇ ಅಲ್ಲ, ಪಂದ್ಯಕ್ಕೆ ಮೊದಲಿನ ಎಸೆತಗಳನ್ನೂ ಅಭ್ಯಾಸದವನ್ನೂ ಸೇರಿಸಿ ಎಣಿಸಿ. ಪಂದ್ಯದ ಮರುದಿನ ಪಿಚಿಂಗ್ ಬೇಡ, ಕಾಲು ಮತ್ತು ಬೆನ್ನಿನ ವ್ಯಾಯಾಮ ಸಾಕು. ಚೆಂಡು ಹಿಡಿಯುವ ಮೊದಲು ಮೈ ಬೆವರುವಷ್ಟು ಓಡಲಿ. ತಣ್ಣಗಿನ ಮೈಯಲ್ಲಿ ನಿಂತು ಮಾಂಸಖಂಡಗಳನ್ನು ಎಳೆದು ಹಿಡಿಯುವುದು ಬೆಚ್ಚಗಾಗುವ ದಾರಿಯಲ್ಲ. ಇನ್ನೊಬ್ಬ ಪಿಚರನ್ನು ತಯಾರು ಮಾಡುವುದು ಎಲ್ಲಕ್ಕಿಂತ ದೊಡ್ಡ ಉಪಚಾರ, ಮತ್ತು ಅದು ನಿಮ್ಮ ಕೆಲಸ, ಅವಳದ್ದಲ್ಲ.

ಪ್ರಶ್ನೆ: ಕ್ಯಾಚರ್ ಸಿಗದ ದಿನ ಒಬ್ಬಳೇ ಏನು ಅಭ್ಯಾಸ ಮಾಡಬಹುದು?

ಉತ್ತರ: ಬಹಳಷ್ಟು. ಒಂದು ಚಿಕ್ಕ ಟವೆಲ್ ತುದಿಯನ್ನು ಬೆರಳುಗಳ ನಡುವೆ ಹಿಡಿದು ಪೂರ್ತಿ ಪಿಚ್ ಮಾಡಿ. ಮುಂಗೈ ಸರಿಯಾಗಿ ಚಿಮ್ಮಿದರೆ ಟವೆಲ್ ದೇಹದ ಮುಂದೆ ‘ಟಪ್’ ಎನ್ನುತ್ತದೆ, ತಳ್ಳಿದರೆ ಸುಮ್ಮನೆ ಸುತ್ತಿಕೊಳ್ಳುತ್ತದೆ. ಒಂದು ಕಾಲುಚೀಲದೊಳಗೆ ಇನ್ನೊಂದೆರಡನ್ನು ತುರುಕಿ ಉಂಡೆ ಮಾಡಿದರೆ ಕೋಣೆಯೊಳಗೂ ಗೋಡೆಗೆ ಎಸೆಯಬಹುದು. ಪ್ರತಿ ಬಾರಿಯೂ ಮೊಬೈಲ್ ಒಂದೇ ಜಾಗದಲ್ಲಿ, ಒಂದೇ ಎತ್ತರದಲ್ಲಿ ಇರಲಿ. ಇಲ್ಲದಿದ್ದರೆ ಕಳೆದ ತಿಂಗಳ ವಿಡಿಯೋ ಜೊತೆ ಹೋಲಿಸಲು ಬರುವುದಿಲ್ಲ. ಒಬ್ಬರೇ ಇರುವಾಗ ಒಂದೇ ತಪ್ಪನ್ನು ಹಿಡಿದುಕೊಳ್ಳಿ. ಕಾಲು, ಸೊಂಟ, ಅಂಗೈ ಮೂರನ್ನೂ ಒಟ್ಟಿಗೆ ತಿದ್ದಲು ಹೋದರೆ ಮೂರೂ ಕೆಡುತ್ತವೆ.

ಪ್ರಶ್ನೆ: ಹೋದ ಪಂದ್ಯದಲ್ಲಿ ಬ್ಯಾಟರ್ ಹೊಡೆದ ಚೆಂಡು ನೇರವಾಗಿ ಬಂದು ನನ್ನ ದವಡೆಗೆ ತಾಗಿತು. ಗಾಯ ಮಾಗಿದೆ. ಆದರೆ ಈಗ ಎಸೆದ ಕೂಡಲೇ ತಲೆ ಪಕ್ಕಕ್ಕೆ ತಿರುಗುತ್ತದೆ, ಪಿಚ್ ಕೆಡುತ್ತಿದೆ. ಇದಕ್ಕೂ ಡ್ರಿಲ್ ಇದೆಯೇ?

ಉತ್ತರ: ಇದೆ. ಮೊದಲು ಮುಖಕ್ಕೆ ಗಾರ್ಡ್ ಹಾಕಿಕೊಳ್ಳಿ, ಅಭ್ಯಾಸದಲ್ಲೂ. ಹೆಜ್ಜೆ ಮುಂದಿಟ್ಟು ಎಸೆದ ಮೇಲೆ ಬ್ಯಾಟರ್‌ಗೂ ನಿಮಗೂ ಇರುವ ಅಂತರ 43 ಅಡಿಗಿಂತಲೂ ಕಡಿಮೆ. ಅಲ್ಲಿ ಹೆದರುವುದು ದೌರ್ಬಲ್ಯವಲ್ಲ. ನಿಮ್ಮ ಪತ್ರ ಓದಿದಾಗ ನನಗೆ ಅನಿಸಿದ್ದು, ಪಿಚ್ ಮುಗಿದ ಮೇಲೆ ನಿಮ್ಮ ಗ್ಲೋವ್ ತೊಡೆಯ ಪಕ್ಕದಲ್ಲಿ ಜೋತಾಡುತ್ತಿತ್ತೇನೋ ಎಂದು. ಹಲವರದ್ದು ಹಾಗೆಯೇ ಇರುತ್ತದೆ, ಏಕೆಂದರೆ ಡ್ರಿಲ್‌ಗಳೆಲ್ಲ ಚೆಂಡು ಕೈಬಿಟ್ಟಲ್ಲಿಗೆ ಮುಗಿದುಬಿಡುತ್ತವೆ.

ಕ್ಯಾಚರ್ ಪಕ್ಕದಲ್ಲಿ ಒಬ್ಬರು ಮೆತ್ತನೆಯ ರಬ್ಬರ್ ಚೆಂಡು ಹಿಡಿದು ನಿಲ್ಲಲಿ. ನೀವು ಪಿಚ್ ಮಾಡಿ, ಬಲಗಾಲು ಮುಂದೆ ಬಂದು ಎಡಗಾಲಿನ ಸಮಕ್ಕೆ ಊರುತ್ತಿದ್ದಂತೆ ಗ್ಲೋವ್ ಎದೆಯ ಮುಂದೆ ತೆರೆದಿರಬೇಕು. ಅದೇ ಗಳಿಗೆಯಲ್ಲಿ ಅವರು ರಬ್ಬರ್ ಚೆಂಡನ್ನು ನಿಮ್ಮತ್ತ ಎಸೆಯುತ್ತಾರೆ. ಮೊದಲ ದಿನ ಮೆಲ್ಲಗೆ, ಮೊಣಕಾಲ ಎತ್ತರಕ್ಕೆ, ಆಮೇಲೆ ಎದೆಗೆ, ಆಮೇಲೆ ಎಡ ಬಲಕ್ಕೆ. ಕೆಲವೊಮ್ಮೆ ಎಸೆಯದೆ ಸುಮ್ಮನಿರಬೇಕು, ಆಗ ನಿಮ್ಮ ಕಣ್ಣು ನಿಜವಾಗಿ ಚೆಂಡನ್ನು ಹುಡುಕುತ್ತಿದೆಯೇ ಎಂದು ತಿಳಿಯುತ್ತದೆ. ಇಪ್ಪತ್ತು ಪಿಚ್‌ಗಳಲ್ಲಿ ಇಪ್ಪತ್ತೂ ಸಲ ತಲೆ ತಿರುಗದೆ ಹಿಡಿದ ದಿನ ರಬ್ಬರ್ ಚೆಂಡಿನ ಬದಲು ನಿಜವಾದ ಚೆಂಡು ತರಲು ಹೇಳಿ. ಅದಕ್ಕೂ ಮೊದಲು ಬೇಡ, ಪಂದ್ಯ ಹತ್ತಿರವಿದ್ದರೂ.